ಅಮೆರಿಕದ ಕೌಂಟಿ ಜೈಲುಗಳು: ಬಂದಿಗಳ ಸುರಕ್ಷತೆ ಮತ್ತು ನಿರ್ಬಂಧಕ ಸಾಧನಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಕೌಂಟಿ ಜೈಲು ಎಂದರೆ ಸ್ಥಳೀಯ ಆಡಳಿತದ ವಶದಲ್ಲಿರುವ ಬಂದೀಖಾನೆ. ಬಂಧಿಸಿ ತಂದವರನ್ನು ವಿಚಾರಣೆ ಮುಗಿಯುವವರೆಗೆ ಇಟ್ಟುಕೊಳ್ಳುವುದು ಅದರ ಮುಖ್ಯ ಕೆಲಸ. ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಯಾದವರೂ ಅಲ್ಲೇ ಉಳಿಯುತ್ತಾರೆ; ಅದಕ್ಕಿಂತ ದೀರ್ಘ ಶಿಕ್ಷೆಯವರು ರಾಜ್ಯದ ಅಥವಾ ಫೆಡರಲ್ ಸರ್ಕಾರದ ಕಾರಾಗೃಹಗಳಿಗೆ ಹೋಗುತ್ತಾರೆ. ಕರ್ನಾಟಕದ ತಾಲ್ಲೂಕು ಉಪಕಾರಾಗೃಹಗಳನ್ನು ಬಲ್ಲವರಿಗೆ ಕೆಲಸದ ಮಟ್ಟಿಗೆ ಹೋಲಿಕೆ ಕಂಡೀತು. ಆದರೆ ಅವು ರಾಜ್ಯ ಸರ್ಕಾರದ ಇಲಾಖೆಗೆ ಸೇರಿದವು. ಕೌಂಟಿ ಜೈಲಿನ ಯಜಮಾನಿಕೆ ಬಹುಪಾಲು ಕಡೆ ಮತದಾರರು ಆರಿಸಿದ ಶೆರಿಫ್‌ನದು. ಅವನಿಗೆ ಹಣ ಕೊಡುವುದು ಕೌಂಟಿ ಮಂಡಳಿ, ಆದರೆ ಅವನ ದಿನನಿತ್ಯದ ಕಾರ್ಯಾಚರಣೆಯಲ್ಲಿ ಅದರ ಮಾತು ಹೆಚ್ಚು ನಡೆಯುವುದಿಲ್ಲ. ಅಲಾಸ್ಕ, ಕನೆಕ್ಟಿಕಟ್, ಡೆಲವೇರ್, ಹವಾಯಿ, ರೋಡ್ ಐಲೆಂಡ್, ವರ್ಮಾಂಟ್ ಈ ಆರು ರಾಜ್ಯಗಳು ಮಾತ್ರ ಜೈಲುಗಳನ್ನೂ ಕಾರಾಗೃಹಗಳನ್ನೂ ಒಂದೇ ರಾಜ್ಯ ಇಲಾಖೆಯ ಕೆಳಗೆ ತಂದಿವೆ.

ದೇಶದಲ್ಲಿ ಸುಮಾರು 3,000 ಸ್ಥಳೀಯ ಜೈಲುಗಳಿವೆ. 2023ರ ನಡುವರ್ಷದ ಎಣಿಕೆಯಲ್ಲಿ ಅವುಗಳೊಳಗೆ ಸುಮಾರು 6.6 ಲಕ್ಷ ಜನರಿದ್ದರು. ಹತ್ತರಲ್ಲಿ ಏಳು ಮಂದಿಯ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಸರಾಸರಿ ವಾಸ ಒಂದು ತಿಂಗಳಷ್ಟೇ ಇರುವುದರಿಂದ ವರ್ಷವೊಂದರಲ್ಲಿ 70 ಲಕ್ಷಕ್ಕೂ ಹೆಚ್ಚು ದಾಖಲಾತಿಗಳು ನಡೆಯುತ್ತವೆ. ಜೈಲಿನ ಅಪಾಯದ ಸ್ವರೂಪ ಅರ್ಥವಾಗಬೇಕಾದರೆ ಈ ಓಡಾಟವನ್ನು ಗಮನಿಸಬೇಕು. ಕಾರಾಗೃಹಕ್ಕೆ ಬರುವವನ ಕಡತ ಅವನಿಗಿಂತ ಮೊದಲೇ ಬಂದಿರುತ್ತದೆ. ಜೈಲಿಗೆ ಬರುವವನು ನೇರ ಬೀದಿಯಿಂದ ಬರುತ್ತಾನೆ: ಕುಡಿದಿರಬಹುದು, ಮಾದಕವಸ್ತುವಿನ ಅಮಲಿನಲ್ಲಿರಬಹುದು ಅಥವಾ ಅದು ಇಳಿಯುವಾಗಿನ ಯಾತನೆಯಲ್ಲಿರಬಹುದು, ಮನೋರೋಗದ ಮಾತ್ರೆ ತಪ್ಪಿಸಿಕೊಂಡಿರಬಹುದು. ಅವನ ಕಾಯಿಲೆ ಏನೆಂದು ಒಳಗಿನ ಯಾರಿಗೂ ಗೊತ್ತಿರುವುದಿಲ್ಲ. ಲಾಸ್ ಏಂಜಲೀಸ್ ಕೌಂಟಿಯ ಮತ್ತು ಷಿಕಾಗೋದ ಕುಕ್ ಕೌಂಟಿಯ ಬೃಹತ್ ಜೈಲುಗಳು ದೇಶದಲ್ಲೇ ಅತಿ ದೊಡ್ಡ ಮಾನಸಿಕ ಚಿಕಿತ್ಸಾ ಕೇಂದ್ರಗಳೆಂದು ಕರೆಸಿಕೊಂಡಿರುವುದು ಹೊಗಳಿಕೆಯಿಂದಲ್ಲ. ಇನ್ನೊಂದು ತುದಿಯಲ್ಲಿ ಹತ್ತಿಪ್ಪತ್ತು ಹಾಸಿಗೆಗಳ ಗ್ರಾಮೀಣ ಜೈಲುಗಳಿವೆ. ರಾತ್ರಿ ಪಾಳಿಗೆ ಒಬ್ಬಿಬ್ಬರು ಕಾವಲಿನವರು, ನರ್ಸ್ ಬರುವುದು ಹಗಲಿನಲ್ಲಿ ಮಾತ್ರ. ಒಂದೇ ನಿಯಮ ಈ ಎರಡಕ್ಕೂ ಅನ್ವಯವಾಗಬೇಕು ಎನ್ನುವುದೇ ಮಾನದಂಡ ರೂಪಿಸುವವರ ಮೊದಲ ತಲೆನೋವು.

ಕಾನೂನಿನ ತಳಹದಿ

ಜೈಲುಗಳ ಒಳಾಡಳಿತದಲ್ಲಿ ಕೈಹಾಕಬಾರದೆಂಬುದು 1960ರ ದಶಕದವರೆಗೆ ಅಮೆರಿಕದ ನ್ಯಾಯಾಲಯಗಳ ರೂಢಿಯಾಗಿತ್ತು. ಆ ಬಳಿಕ ಅದು ಸಡಿಲಗೊಂಡದ್ದು 1871ರಷ್ಟು ಹಳೆಯ ನಾಗರಿಕ ಹಕ್ಕುಗಳ ಕಾಯಿದೆಯ ಮೂಲಕ. ಸರ್ಕಾರಿ ಅಧಿಕಾರ ಬಳಸಿ ಸಂವಿಧಾನದತ್ತ ಹಕ್ಕನ್ನು ಕಸಿದವರ ಮೇಲೆ ದಾವೆ ಹೂಡಲು ಅದರ ಒಂದು ಸೆಕ್ಷನ್ ಅವಕಾಶ ಕೊಡುತ್ತದೆ; ಇಂದು 1983ನೇ ಸೆಕ್ಷನ್ ಎಂದು ಹೆಸರಾದ ಅದೇ ಬಂದಿಗಳ ಮುಖ್ಯ ಅಸ್ತ್ರ. ಪರಿಹಾರದ ಹೊಣೆ ಸಿಬ್ಬಂದಿಯ ಮೇಲಷ್ಟೇ ಅಲ್ಲ, ತಪ್ಪು ನೀತಿ ಅಥವಾ ರೂಢಿ ಬೆಳೆಸಿದ ಸ್ಥಳೀಯ ಸಂಸ್ಥೆಯ ಮೇಲೂ ಬೀಳುತ್ತದೆಂದು 1978ರ ಮೊನೆಲ್ ತೀರ್ಪು ಹೇಳಿತು. ತರಬೇತಿ ಕೊಡದಿರುವುದೂ ಅಂಥ ನೀತಿಯಾಗಬಹುದೆಂದು 1989ರಲ್ಲಿ ಕ್ಯಾಂಟನ್ ನಗರದ ಮೊಕದ್ದಮೆಯಲ್ಲಿ ತೀರ್ಮಾನವಾಯಿತು.

ಶಿಕ್ಷೆಯಾದವರಿಗೆ ಸಂವಿಧಾನದ ಎಂಟನೆಯ ತಿದ್ದುಪಡಿಯ ರಕ್ಷಣೆಯಿದೆ. ಕ್ರೂರವಾದ, ವಾಡಿಕೆಗೆ ಮೀರಿದ ಶಿಕ್ಷೆಯನ್ನು ಅದು ನಿಷೇಧಿಸುತ್ತದೆ. ಗಂಭೀರ ಕಾಯಿಲೆಯನ್ನು ತಿಳಿದೂ ತಿಳಿದೂ ಅಲಕ್ಷಿಸುವುದು ಇದೇ ನಿಷೇಧದೊಳಗೆ ಬರುತ್ತದೆಂದು 1976ರ ಎಸ್ಟೆಲ್ ವಿರುದ್ಧ ಗ್ಯಾಂಬಲ್ ತೀರ್ಪು ಸಾರಿತು. ಅಪಾಯವಿದೆಯೆಂಬುದು ಅಧಿಕಾರಿಯ ಮನಸ್ಸಿಗೆ ನಿಜವಾಗಿ ಗೊತ್ತಿತ್ತೆಂದು ತೋರಿಸಬೇಕೆಂದು 1994ರ ಫಾರ್ಮರ್ ತೀರ್ಪು ಪಟ್ಟು ಬಿಗಿಗೊಳಿಸಿತು. ವಿಚಾರಣಾಧೀನರ ಸ್ಥಿತಿ ಬೇರೆ. ಅವರು ಅಪರಾಧಿಗಳೆಂದು ಇನ್ನೂ ತೀರ್ಮಾನವಾಗದ ಕಾರಣ ಅವರಿಗೆ ಯಾವ ಶಿಕ್ಷೆಯನ್ನೂ ಕೊಡುವಂತಿಲ್ಲ, ಮೃದುವಾದದ್ದನ್ನೂ. ಅವರನ್ನು ಕಾಯುವುದು ನ್ಯಾಯಬದ್ಧ ಪ್ರಕ್ರಿಯೆಯ ಖಾತರಿ ಎಂದು 1979ರ ಬೆಲ್ ವಿರುದ್ಧ ವುಲ್ಫಿಶ್ ತೀರ್ಪು ಹೇಳುತ್ತದೆ; ಕೌಂಟಿ ಜೈಲಿನ ಮಟ್ಟಿಗೆ ಅದು ಹದಿನಾಲ್ಕನೆಯ ತಿದ್ದುಪಡಿಯದು. ಕೌಂಟಿ ಜೈಲಿನ ಇಡೀ ಚರ್ಚೆ ಈ ಒಂದು ಗೆರೆಯ ಮೇಲೆ ನಿಂತಿದೆ: ಬಂದಿಗೆ ಹಾಕಿದ ಕಟ್ಟು ಹಾನಿ ತಪ್ಪಿಸಲೋ, ಪಾಠ ಕಲಿಸಲೋ?

ಬಲಪ್ರಯೋಗದ ವಿಚಾರದಲ್ಲಿ ಈ ಗೆರೆಯನ್ನು ಸ್ಪಷ್ಟಪಡಿಸಿದ ಮೊಕದ್ದಮೆ ವಿಸ್ಕಾನ್ಸಿನ್ ರಾಜ್ಯದ ಮನ್ರೋ ಕೌಂಟಿಯ ಜೈಲಿನದು. 2010ರಲ್ಲಿ ವಿಚಾರಣಾಧೀನನೊಬ್ಬ ತನ್ನ ಹಾಸಿಗೆಯ ಮೇಲಿನ ದೀಪಕ್ಕೆ ಅಂಟಿಸಿದ್ದ ಕಾಗದವನ್ನು ತೆಗೆಯಲು ಒಪ್ಪಲಿಲ್ಲ. ಸಿಬ್ಬಂದಿ ಅವನಿಗೆ ಕೈಕೋಳ ಹಾಕಿ ಬೇರೆ ಕೋಣೆಗೆ ಒಯ್ದರು. ಕೋಳ ಬಿಚ್ಚುವ ಹೊತ್ತಿನ ಜಗಳದಲ್ಲಿ ಬೆನ್ನಿಗೆ ಟೇಸರ್ ಹಿಡಿದು ವಿದ್ಯುದಾಘಾತ ಕೊಟ್ಟರು. ಕಾಗದದ ತುಂಡಿನಿಂದ ಹುಟ್ಟಿದ ಈ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರ ಕಿಂಗ್ಸ್‌ಲಿ ವಿರುದ್ಧ ಹೆಂಡ್ರಿಕ್ಸನ್ ತೀರ್ಪಿನಲ್ಲಿ ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ವಿಚಾರಣಾಧೀನನ ಮೇಲೆ ಬಳಸಿದ ಬಲ ವಸ್ತುನಿಷ್ಠವಾಗಿ ಅಸಮಂಜಸವೆಂದು ತೋರಿಸಿದರೆ ಸಾಕು, ಸಿಬ್ಬಂದಿಯ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ಸಾಧಿಸಬೇಕಿಲ್ಲ ಎಂದು ಬಹುಮತ ಹೇಳಿತು. ಅಗತ್ಯಕ್ಕೂ ಬಲಕ್ಕೂ ಇರುವ ಪ್ರಮಾಣ, ಆದ ಗಾಯ, ಬಲ ತಗ್ಗಿಸಲು ಸಿಬ್ಬಂದಿ ಮಾಡಿದ ಪ್ರಯತ್ನ, ಬಂದಿ ನಿಜಕ್ಕೂ ಪ್ರತಿಭಟಿಸುತ್ತಿದ್ದನೇ ಎಂಬ ಅಂಶಗಳನ್ನು ತೂಗಿ ನೋಡಬೇಕು. ಈ ಅಳತೆಗೋಲು ವೈದ್ಯಕೀಯ ಆರೈಕೆಗೂ ಅನ್ವಯವಾಗುತ್ತದೆಯೇ ಎಂಬುದರಲ್ಲಿ ಮೇಲ್ಮನವಿ ನ್ಯಾಯಾಲಯಗಳು ಒಮ್ಮತಕ್ಕೆ ಬಂದಿಲ್ಲ. ಹೀಗಾಗಿ ಕ್ಯಾಲಿಫೋರ್ನಿಯಾದ ಬಂದಿಗೆ ಸುಲಭವಾದ ವಾದ ಟೆಕ್ಸಸ್‌ನ ಬಂದಿಗೆ ಕಷ್ಟವಾಗುತ್ತದೆ.

ಮಾನದಂಡ ರೂಪಿಸುವವರು

ಎಲ್ಲ ಕೌಂಟಿ ಜೈಲುಗಳಿಗೂ ಕಡ್ಡಾಯವಾದ ಸಮಗ್ರ ರಾಷ್ಟ್ರೀಯ ಸುರಕ್ಷತಾ ಸಂಹಿತೆ ಅಮೆರಿಕದಲ್ಲಿಲ್ಲ. ಇರುವುದು ಮೂರು ನಾಲ್ಕು ಪದರಗಳ ಹೊದಿಕೆ. ನಡುನಡುವೆ ತೂತುಗಳೂ ಇವೆ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಶಾಸನಬಲದ ಕನಿಷ್ಠ ಮಾನದಂಡಗಳೂ ತಪಾಸಣಾ ಮಂಡಳಿಗಳೂ ಇವೆ. ಟೆಕ್ಸಸ್‌ನ ಜೈಲು ಮಾನದಂಡ ಆಯೋಗ 1975ರಲ್ಲೇ ಸ್ಥಾಪನೆಯಾಯಿತು; ತಪಾಸಣೆಯಲ್ಲಿ ಫೇಲಾದ ಜೈಲುಗಳ ಹೆಸರನ್ನು ಅದು ಬಹಿರಂಗವಾಗಿ ಪ್ರಕಟಿಸುತ್ತದೆ. ಇನ್ನು ಕೆಲವು ರಾಜ್ಯಗಳಲ್ಲಿ ರಾಜ್ಯಮಟ್ಟದ ಕಡ್ಡಾಯ ಮಾನದಂಡವೇ ಇಲ್ಲ. ಶೆರಿಫ್ ಬರೆದದ್ದೇ ನಿಯಮ.

ಸ್ವಯಂಸ್ಫೂರ್ತಿಯ ಮಾನ್ಯತೆ ಇನ್ನೊಂದು ಪದರ. 1870ರಲ್ಲಿ ಸಿನ್ಸಿನಾಟಿಯ ಸಮ್ಮೇಳನದಿಂದ ಹುಟ್ಟಿದ ಅಮೆರಿಕನ್ ಕರೆಕ್ಷನಲ್ ಅಸೋಸಿಯೇಷನ್ ಸ್ಥಳೀಯ ಬಂದೀಖಾನೆಗಳಿಗಾಗಿ ಪ್ರತ್ಯೇಕ ಮಾನದಂಡಗಳನ್ನು ಪ್ರಕಟಿಸಿದೆ. ಆರೋಗ್ಯದ ಮಟ್ಟಿಗೆ ಹೆಚ್ಚು ತೂಕವಿರುವುದು ನ್ಯಾಷನಲ್ ಕಮಿಷನ್ ಆನ್ ಕರೆಕ್ಷನಲ್ ಹೆಲ್ತ್ ಕೇರ್ ಸಂಸ್ಥೆಯ ಮಾನದಂಡಗಳಿಗೆ. ಅಮೆರಿಕದ ವೈದ್ಯಕೀಯ ಸಂಘ 1970ರ ದಶಕದಲ್ಲಿ ಜೈಲುಗಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಅದರ ಬೇರುಗಳಿವೆ. ಮಾನ್ಯತೆಗೆ ಅರ್ಜಿ ಹಾಕುವುದು ಜೈಲಿನ ಇಷ್ಟ, ಶುಲ್ಕ ಕಟ್ಟುವುದೂ ಜೈಲೇ. ಮಾನ್ಯತೆ ಪಡೆದ ಜೈಲಿನಲ್ಲಿ ಅನಾಹುತವಾದಾಗ ಟೀಕಾಕಾರರು ಮೊದಲು ಎತ್ತುವ ಮಾತು ಇದೇ, ಅದರಲ್ಲಿ ಹುರುಳೂ ಇದೆ. ಆದರೂ ಲಿಖಿತ ನೀತಿಯೇ ಇಲ್ಲದ ಜೈಲಿಗಿಂತ ಇಂಥ ಜೈಲಿನಲ್ಲಿ ತಪ್ಪನ್ನು ಗುರುತಿಸುವುದಾದರೂ ಸಾಧ್ಯ.

ಫೆಡರಲ್ ಕಾಯಿದೆಗಳು ಬಿಡಿಬಿಡಿಯಾಗಿ ಪ್ರವೇಶಿಸುತ್ತವೆ. 1974ರ ಬಾಲನ್ಯಾಯ ಕಾಯಿದೆ ಅಪ್ರಾಪ್ತರನ್ನು ವಯಸ್ಕ ಬಂದಿಗಳ ಕಣ್ಣಿಗೂ ಕಿವಿಗೂ ದೂರವಿಡಬೇಕೆನ್ನುತ್ತದೆ. 2003ರ ಕಾಯಿದೆಯಡಿ 2012ರಲ್ಲಿ ಹೊರಬಂದ ನಿಯಮಗಳು ಲೈಂಗಿಕ ದೌರ್ಜನ್ಯವನ್ನು ತಡೆಯಲು ಪ್ರವೇಶದ ಹೊತ್ತಿನ ಪರಿಶೀಲನೆ, ದೂರಿನ ಮಾರ್ಗ, ಹೊರಗಿನವರಿಂದ ಲೆಕ್ಕಪರಿಶೀಲನೆಗಳನ್ನು ವಿಧಿಸಿದವು. ಅಂತರರಾಷ್ಟ್ರೀಯ ಮಟ್ಟದಲ್ಲಿ 2015ರ ನೆಲ್ಸನ್ ಮಂಡೇಲಾ ನಿಯಮಗಳು ಸರಪಳಿ, ಕಬ್ಬಿಣದ ಬೇಡಿ ಮತ್ತು ಸ್ವಭಾವತಃ ಅವಮಾನಕರವಾದ ಅಥವಾ ನೋವುಂಟುಮಾಡುವ ಸಾಧನಗಳನ್ನು ನಿಷೇಧಿಸುತ್ತವೆ. ಬೇರೆ ದಾರಿ ಇಲ್ಲದಾಗ ಮಾತ್ರ, ಅಗತ್ಯವಿರುವಷ್ಟು ಹೊತ್ತು ಮಾತ್ರ ಕಟ್ಟಬೇಕೆನ್ನುತ್ತವೆ. ಅವಕ್ಕೆ ಅಮೆರಿಕದ ನ್ಯಾಯಾಲಯಗಳಲ್ಲಿ ಕಾನೂನಿನ ಬಲವಿಲ್ಲ.

ದಿನನಿತ್ಯದ ಸುರಕ್ಷತೆ

ಜೈಲಿನ ಸುರಕ್ಷತೆ ಬಾಗಿಲಲ್ಲೇ ಆರಂಭವಾಗಬೇಕು. ಹೊಸಬನನ್ನು ದಾಖಲಿಸಿಕೊಳ್ಳುವಾಗ ಕಾಯಿಲೆ, ಔಷಧಿ, ಮಾದಕವಸ್ತು, ಆತ್ಮಹತ್ಯೆಯ ಯೋಚನೆ ಇವುಗಳ ಬಗ್ಗೆ ಪ್ರಶ್ನೆ ಕೇಳಿ ಬರೆದುಕೊಳ್ಳುವುದು ಎಲ್ಲ ಮಾನದಂಡಗಳಲ್ಲೂ ಇದೆ. ಬಳಿಕ ವರ್ಗೀಕರಣ: ಗಂಡಸರು, ಹೆಂಗಸರು, ಹಿಂಸೆಯ ಹಿನ್ನೆಲೆಯವರು, ದುರ್ಬಲರು, ಪರಸ್ಪರ ಹಗೆಯಿರುವವರು ಬೇರೆ ಬೇರೆ. ಕಟ್ಟಡದ ವಿನ್ಯಾಸವೂ ಇದರಲ್ಲಿ ಪಾತ್ರ ವಹಿಸುತ್ತದೆ. ಹಳೆಯ ಜೈಲುಗಳಲ್ಲಿ ಉದ್ದನೆಯ ಓಣಿಯ ಪಕ್ಕ ಸಾಲುಕೋಣೆಗಳು. ಕಾವಲಿನವನು ನಡೆದುಹೋದಾಗ ಕಂಡಷ್ಟೇ ಕಂಡಿತು. 1970ರ ದಶಕದ ಫೆಡರಲ್ ಬಂದೀಖಾನೆಗಳಲ್ಲಿ ಮೊದಲಾಗಿ, 1981ರಲ್ಲಿ ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿಯ ಮಾರ್ಟಿನೆಜ್ ಜೈಲಿಗೆ ಬಂದ ಹೊಸ ಪದ್ಧತಿಯಲ್ಲಿ ಕೋಣೆಗಳ ನಡುವಿನ ಅಂಗಳದಲ್ಲೇ, ಬಂದಿಗಳ ಜೊತೆಯಲ್ಲೇ ಸಿಬ್ಬಂದಿ ಇರುತ್ತಾರೆ. ಮಾತಿನಲ್ಲಿ ತಣಿಯುವ ಜಗಳ ಕೈಗೆ ಬರುವುದು ಹೀಗೆ ಕಡಿಮೆಯಾಗುತ್ತದೆ.

ಸ್ಥಳೀಯ ಜೈಲುಗಳಲ್ಲಿ ಸಾವಿನ ಅತಿ ದೊಡ್ಡ ಏಕೈಕ ಕಾರಣ ಆತ್ಮಹತ್ಯೆ. 2019ರಲ್ಲಿ ಸತ್ತ 1,200 ಮಂದಿಯಲ್ಲಿ 355 ಮಂದಿ ತಾವೇ ಜೀವ ಕಳೆದುಕೊಂಡವರು. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಕರೆಕ್ಷನ್ಸ್‌ಗಾಗಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ 2005-06ರ 464 ಆತ್ಮಹತ್ಯೆಗಳನ್ನು ಪರಿಶೀಲಿಸಿತು; ಅವುಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮೊದಲ 24 ಗಂಟೆಗಳಲ್ಲೇ ನಡೆದಿದ್ದವು. ಇಪ್ಪತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 107ರಿಂದ 38ಕ್ಕೆ ಇಳಿದಿದೆಯೆಂದೂ ಅದೇ ಅಧ್ಯಯನ ತೋರಿಸಿತು. ನಿಯಮಗಳಿಂದ ಏನೂ ಆಗದೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಗಂಟೆಗೊಮ್ಮೆ ಕಣ್ಣಾರೆ ನೋಡಿ ಬರುವುದು ಕ್ಯಾಲಿಫೋರ್ನಿಯಾ, ಟೆಕ್ಸಸ್ ಎರಡರಲ್ಲೂ ಕನಿಷ್ಠ ನಿಯಮ. ಅಪಾಯದಲ್ಲಿರುವವರಿಗೆ ಟೆಕ್ಸಸ್‌ನಲ್ಲಿ ಅರ್ಧ ಗಂಟೆಗೊಮ್ಮೆ.

ಆದರೆ ನೋಡದೆಯೇ ನೋಡಿದೆನೆಂದು ದಾಖಲೆ ಪುಸ್ತಕದಲ್ಲಿ ಬರೆಯುವ ಚಾಳಿ ಎಲ್ಲೆಡೆಯ ರೋಗ. 2015ರ ಜುಲೈನಲ್ಲಿ ಟೆಕ್ಸಸ್‌ನ ವಾಲರ್ ಕೌಂಟಿ ಜೈಲಿನಲ್ಲಿ ಸಾಂಡ್ರಾ ಬ್ಲ್ಯಾಂಡ್ ಎಂಬ ಮಹಿಳೆ ಸತ್ತ ನಂತರ ಈ ಪ್ರಶ್ನೆ ದೇಶದ ಗಮನ ಸೆಳೆಯಿತು. ವಾಹನ ತಡೆದು ನಿಲ್ಲಿಸಿದ ಒಂದು ಸಣ್ಣ ಸಂಚಾರ ಪ್ರಕರಣದಿಂದ ಬಂಧನವಾಗಿ ಮೂರು ದಿನಗಳಾಗಿದ್ದವು ಅಷ್ಟೆ. 2017ರಲ್ಲಿ ಅವಳ ಹೆಸರಿನಲ್ಲೇ ಬಂದ ರಾಜ್ಯ ಕಾಯಿದೆ ಸುತ್ತಿನ ಹೊತ್ತನ್ನು ಖಚಿತವಾಗಿ ದಾಖಲಿಸುವ ಎಲೆಕ್ಟ್ರಾನಿಕ್ ಸೆನ್ಸರ್ ಅಥವಾ ಕ್ಯಾಮೆರಾಗಳನ್ನು ಅಳವಡಿಸಲು, ಜೈಲಿನ ಸಾವುಗಳನ್ನು ಹೊರಗಿನ ತನಿಖಾ ಸಂಸ್ಥೆಗೆ ಒಪ್ಪಿಸಲು ಹೇಳಿತು.

ನಿರ್ಬಂಧಕ ಸಾಧನಗಳು

ಕೈಕೋಳ ಎಲ್ಲಕ್ಕಿಂತ ಸಾಮಾನ್ಯ. ಒಂದು ತಳ್ಳಿಗೆ ಮಣಿಕಟ್ಟನ್ನು ಸುತ್ತಿ ಬೀಗವಾಗುವ ಇಂದಿನ ಮಾದರಿಯ ಪೇಟೆಂಟ್ 1912ರದು. ಅದರ ಎರಡನೆಯ ಬೀಗ ಹಾಕದಿದ್ದರೆ ಕೋಳ ಒತ್ತಿದಷ್ಟೂ ಬಿಗಿಯುತ್ತಾ ಹೋಗಿ ನರಕ್ಕೆ ಪೆಟ್ಟಾಗಬಹುದು. ಕಾಲುಬೇಡಿ, ಸೊಂಟದ ಸರಪಳಿ ಇವು ನ್ಯಾಯಾಲಯಕ್ಕೋ ಆಸ್ಪತ್ರೆಗೋ ಒಯ್ಯುವಾಗ ಬಳಸುವಂಥವು. ಜ್ಯೂರಿಯ ಕಣ್ಣಿಗೆ ಕಾಣುವ ಹಾಗೆ ಆರೋಪಿಗೆ ಬೇಡಿ ಹಾಕಿ ಕೂರಿಸುವುದಕ್ಕೆ ವಿಶೇಷ ಕಾರಣ ಬೇಕೆಂದು 2005ರ ಡೆಕ್ ತೀರ್ಪು ಹೇಳಿದೆ. ಹಾಸಿಗೆಗೆ ನಾಲ್ಕು ಕೈಕಾಲು ಕಟ್ಟುವ ಪಟ್ಟಿಗಳು, ಕಾಲುಗಳನ್ನು ಸುತ್ತಿ ಎದೆಪಟ್ಟಿಯೊಂದಿಗೆ ಕುಳಿತ ಭಂಗಿಯಲ್ಲಿಡುವ ಹೊದಿಕೆ, ಉಗುಳು ತಡೆಯುವ ಬಲೆಮುಸುಕು, ನಿಯಂತ್ರಕ ಒತ್ತಿದರೆ ಷಾಕ್ ಕೊಡುವ ಸೊಂಟಪಟ್ಟಿ ಇವೂ ಈ ಸಾಲಿನವೇ.

ಕೈಕಾಲುಗಳನ್ನು ಬೆನ್ನ ಹಿಂದೆ ಒಟ್ಟಿಗೆ ಕಟ್ಟಿ ಮಕಾಡೆ ಮಲಗಿಸುವ ಪದ್ಧತಿ ಒಂದು ಕಾಲಕ್ಕೆ ವ್ಯಾಪಕವಾಗಿತ್ತು. ಹಾಗೆ ಬಿದ್ದವನ ಬೆನ್ನ ಮೇಲೆ ಸಿಬ್ಬಂದಿಯ ಭಾರವೂ ಸೇರಿದರೆ ಎದೆ ಹಿಗ್ಗಲಾರದೆ ಉಸಿರು ಕಟ್ಟುತ್ತದೆ. ಉಸಿರಿಗಾಗಿ ಒದ್ದಾಡುವುದನ್ನು ಪ್ರತಿಭಟನೆಯೆಂದು ತಿಳಿದು ಇನ್ನೂ ಅದುಮಲಾಗುತ್ತದೆ. ಕೋಳ ಬಿದ್ದ ಕೂಡಲೇ ವ್ಯಕ್ತಿಯನ್ನು ಹೊಟ್ಟೆಯ ಮೇಲಿಂದ ಎಬ್ಬಿಸಬೇಕೆಂದು ಫೆಡರಲ್ ನ್ಯಾಯ ಇಲಾಖೆಯ ಸಂಶೋಧನಾ ವಿಭಾಗ 1995ರ ಜೂನ್‌ನಲ್ಲೇ ಎಚ್ಚರಿಸಿತ್ತು. ಆದರೂ ಇಂಥ ಸಾವುಗಳಿಗೆ ‘ಉದ್ರಿಕ್ತ ಸನ್ನಿ’ ಎಂಬ ಹೆಸರಿಟ್ಟು ದೋಷವನ್ನು ಸತ್ತವನ ದೇಹಕ್ಕೇ ಹೊರಿಸುವ ರೂಢಿ ದಶಕಗಳ ಕಾಲ ನಡೆಯಿತು. 2023ರಲ್ಲಿ ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಕಾಲೇಜು ಈ ಪರಿಕಲ್ಪನೆಯನ್ನು ಬೆಂಬಲಿಸಿದ್ದ ತನ್ನ 2009ರ ವರದಿಯನ್ನು ಹಿಂತೆಗೆದುಕೊಂಡಿತು. ಕ್ಯಾಲಿಫೋರ್ನಿಯಾ ಅದನ್ನು ಸಾವಿನ ಕಾರಣವೆಂದು ಬರೆಯುವುದನ್ನೇ ಕಾನೂನಿನಿಂದ ನಿಷೇಧಿಸಿತು.

ಬಳಕೆಯ ನಿಯಮಗಳ ತಿರುಳು ರಾಜ್ಯದಿಂದ ರಾಜ್ಯಕ್ಕೆ ಅಷ್ಟೇನೂ ಬದಲಾಗುವುದಿಲ್ಲ, ಬದಲಾಗುವುದು ಗಡಿಯಾರ. ಕ್ಯಾಲಿಫೋರ್ನಿಯಾದ ನಿಯಮಾವಳಿಯ ಪ್ರಕಾರ ತನಗೋ ಇತರರಿಗೋ ಹಾನಿ ಮಾಡುವ ಉದ್ದೇಶ ತೋರಿದವನನ್ನು, ಆಸ್ತಿ ಧ್ವಂಸ ಮಾಡುವವನನ್ನು ಮಾತ್ರ ಕಟ್ಟಬಹುದು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಚಿಕಿತ್ಸೆಯ ಬದಲಿಗೂ ಕಟ್ಟುವಂತಿಲ್ಲ. ಮೇಲಧಿಕಾರಿಯ ಒಪ್ಪಿಗೆ ಬೇಕು. ಪ್ರತಿ ಅರ್ಧ ಗಂಟೆಯಲ್ಲಿ ಎರಡು ಸಲವಾದರೂ ಕಣ್ಣಾರೆ ನೋಡಬೇಕು. ಬಿಚ್ಚಬಹುದೇ ಎಂದು ಗಂಟೆಗೊಮ್ಮೆ ಪರಾಮರ್ಶಿಸಬೇಕು. ಒಂದು ಗಂಟೆಯೊಳಗೆ ವೈದ್ಯಕೀಯ ಅಭಿಪ್ರಾಯ, ಎಂಟು ಗಂಟೆಯೊಳಗೆ ಮನೋವೈದ್ಯಕೀಯ ಸಲಹೆ ಪಡೆಯಬೇಕು. ಟೆಕ್ಸಸ್‌ನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು. ಎರಡು ಗಂಟೆಗೊಮ್ಮೆ ಭಂಗಿ ಬದಲಿಸಿ ಕೈಕಾಲು ಆಡಿಸಲು ಬಿಟ್ಟು, ನೀರು, ಆಹಾರ, ಶೌಚಕ್ಕೆ ಅವಕಾಶ ಕೊಡಬೇಕು. ಇದನ್ನು ಆಸ್ಪತ್ರೆಗಳ ನಿಯಮದ ಪಕ್ಕ ಇಟ್ಟು ನೋಡಬೇಕು. ಮಾನಸಿಕ ಆಸ್ಪತ್ರೆಗಳಂಥ ಸಂಸ್ಥೆಗಳಲ್ಲಿ ರೋಗಿಗಳನ್ನು ಕಟ್ಟಿಹಾಕಿದಾಗ ಅಥವಾ ಕೂಡಿಹಾಕಿದಾಗ ಆದ 142 ಸಾವುಗಳನ್ನು ‘ಹಾರ್ಟ್‌ಫರ್ಡ್ ಕೊರಾಂಟ್’ ಪತ್ರಿಕೆ 1998ರಲ್ಲಿ ಬಯಲಿಗೆಳೆದ ಬಳಿಕ ಫೆಡರಲ್ ನಿಯಮಗಳು ಬಿಗಿಯಾದವು: ಹಿಂಸಾತ್ಮಕ ವರ್ತನೆಗಾಗಿ ವಯಸ್ಕ ರೋಗಿಯನ್ನು ಕಟ್ಟಿದರೆ ಒಂದು ಗಂಟೆಯೊಳಗೆ ಮುಖಾಮುಖಿ ಪರೀಕ್ಷೆ, ನಾಲ್ಕು ಗಂಟೆಗೊಮ್ಮೆ ಹೊಸ ಆದೇಶ. ಅದೇ ರೋಗಿ ಅದೇ ವರ್ತನೆಯಿಂದ ಜೈಲು ಸೇರಿದರೆ ಆ ನಿಯಮ ಅವನ ಹಿಂದೆ ಬರುವುದಿಲ್ಲ.

ರಿಸ್ಟ್ರೇಂಟ್ ಕುರ್ಚಿ

ಕೌಂಟಿ ಜೈಲುಗಳ ಜೊತೆ ಅತಿ ಹೆಚ್ಚು ತಳಕು ಹಾಕಿಕೊಂಡ ಸಾಧನ ಇದು. ಹಿಂದಕ್ಕೆ ವಾಲಿದ, ಕೆಳಗೆ ಗಾಲಿಗಳಿರುವ ಕುರ್ಚಿ. ಎದೆ, ತೊಡೆ, ಮಣಿಕಟ್ಟು, ಕಣಕಾಲುಗಳಿಗೆ ಪಟ್ಟಿಗಳು. 1990ರ ದಶಕದಲ್ಲಿ ಇದು ವೇಗವಾಗಿ ಹರಡಿತು. ತಯಾರಕರಲ್ಲಿ ಅಯೋವಾ ರಾಜ್ಯದ ಮಾಜಿ ಶೆರಿಫ್ ಒಬ್ಬರೂ ಇದ್ದರು. ಮಕಾಡೆ ಕಟ್ಟುವುದಕ್ಕಿಂತ ಇದು ವಾಸಿ ಎಂಬುದು ಜೈಲು ಸಿಬ್ಬಂದಿಯ ವಾದ. ತಲೆ ಗೋಡೆಗೆ ಚಚ್ಚಿಕೊಳ್ಳುವವನನ್ನು ಕೆಲವು ನಿಮಿಷ ತಡೆಯುವ ಮಟ್ಟಿಗೆ ಅದು ನಿಜವೂ ಹೌದು. ಬಂದಿಗಳು ಇದನ್ನು ‘ದೆವ್ವದ ಕುರ್ಚಿ’ ಎನ್ನುತ್ತಾರೆ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ 2000ದಲ್ಲಿ ಈ ಕುರ್ಚಿಯನ್ನೂ ಷಾಕ್ ಪಟ್ಟಿಯನ್ನೂ ಕೈಬಿಡಬೇಕೆಂದು ಅಮೆರಿಕಕ್ಕೆ ಶಿಫಾರಸು ಮಾಡಿತು.

ಅಪಾಯ ಇರುವುದು ಕುರ್ಚಿಯಲ್ಲಿ ಕಳೆಯುವ ಹೊತ್ತಿನಲ್ಲಿ. ಕಾಲು ಆಡದೆ ಗಂಟೆಗಟ್ಟಲೆ ಕುಳಿತವನ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ತಯಾರಕರ ಸೂಚನೆಯೇ ಎರಡು ಗಂಟೆಯ ಮಿತಿ ಹೇಳುತ್ತದೆ. ವೈದ್ಯಕೀಯ ಮೇಲ್ವಿಚಾರಣೆಯಿದ್ದರೂ ಒಟ್ಟು ಹತ್ತು ಗಂಟೆ ದಾಟಬಾರದು. 2017ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿ ಜೈಲಿನಲ್ಲಿ ಸ್ಕಿಜೋಫ್ರೇನಿಯಾ ಇದ್ದ ಯುವಕನನ್ನು 46 ಗಂಟೆ ಕುರ್ಚಿಗೆ ಕಟ್ಟಿಡಲಾಯಿತು. ಬಿಚ್ಚಿದ ಸ್ವಲ್ಪ ಹೊತ್ತಿಗೆ ಅವನು ಕೋಣೆಯ ನೆಲದ ಮೇಲೆ ಸತ್ತ. ಕಾರಣ ಶ್ವಾಸಕೋಶಕ್ಕೆ ಹೋದ ಗಡ್ಡೆ. ಕೌಂಟಿ 50 ಲಕ್ಷ ಡಾಲರ್ ಪರಿಹಾರ ಕೊಟ್ಟು ಕುರ್ಚಿಯ ಬಳಕೆ ನಿಲ್ಲಿಸಿತು. ಮೇಲೆ ಹೇಳಿದ ನಿಯಮಾವಳಿ ಆಗಲೂ ಜಾರಿಯಲ್ಲಿತ್ತು. ಅರಿಝೋನಾದ ಮಾರಿಕೊಪಾ ಕೌಂಟಿಯೂ 1996ರಲ್ಲಿ ಕುರ್ಚಿಗೆ ಕಟ್ಟುವಾಗ ನಡೆದ ಸಾವೊಂದಕ್ಕೆ 82.5 ಲಕ್ಷ ಡಾಲರ್ ತೆತ್ತಿತ್ತು.

ಶಿಕ್ಷೆಯಾಗಿ ಬಳಸಿದ ಪ್ರಕರಣಗಳಲ್ಲಿ ಹೆಸರಾದದ್ದು ಜಾರ್ಜಿಯಾದ ಕ್ಲೇಟನ್ ಕೌಂಟಿಯದು. ಅಲ್ಲಿನ ಶೆರಿಫ್ ವಿಕ್ಟರ್ ಹಿಲ್, ಕೋಳ ಹಾಕಿಸಿಕೊಂಡು ಸುಮ್ಮನಿದ್ದ ವಿಚಾರಣಾಧೀನರನ್ನೂ ಗಂಟೆಗಟ್ಟಲೆ ಕುರ್ಚಿಗೆ ಕಟ್ಟಿಸಿದ್ದನೆಂದು ಫೆಡರಲ್ ಸರ್ಕಾರ ಕ್ರಿಮಿನಲ್ ಮೊಕದ್ದಮೆ ಹೂಡಿತು. 2022ರ ಅಕ್ಟೋಬರ್‌ನಲ್ಲಿ ಜ್ಯೂರಿ ಏಳು ಆರೋಪಗಳಲ್ಲಿ ಆರನ್ನು ಎತ್ತಿಹಿಡಿಯಿತು. ಮರುವರ್ಷ 18 ತಿಂಗಳ ಸೆರೆವಾಸ ವಿಧಿಸಲಾಯಿತು, ಮೇಲ್ಮನವಿ ನ್ಯಾಯಾಲಯ ಅದನ್ನು ಖಾಯಂ ಮಾಡಿತು. ಹಣದ ಪರಿಹಾರಕ್ಕೆ ನಿಲ್ಲದೆ ಚುನಾಯಿತ ಶೆರಿಫನೇ ಇದಕ್ಕಾಗಿ ಸೆರೆಮನೆ ಕಂಡದ್ದು ಅಪರೂಪ.

ಗರ್ಭಿಣಿಯರು

ಹೆರಿಗೆಯ ಹೊತ್ತಿನಲ್ಲಿ ಹಾಸಿಗೆಗೆ ಕೋಳ ಹಾಕುವ ಪದ್ಧತಿಯನ್ನು ಕಾನೂನಿನಿಂದ ಮೊದಲು ನಿಷೇಧಿಸಿದ ರಾಜ್ಯ ಇಲಿನಾಯ್, 1999ರಲ್ಲಿ. ಕಾಯಿದೆ ಬಂದ ಮೇಲೂ ಅದೇ ರಾಜ್ಯದ ಕುಕ್ ಕೌಂಟಿ ಜೈಲಿನಿಂದ ಹೆರಿಗೆಗೆ ಹೋದ ಹೆಂಗಸರನ್ನು ಕಟ್ಟಲಾಗಿತ್ತೆಂಬ ದಾವೆಯಲ್ಲಿ ಕೌಂಟಿ 2012ರಲ್ಲಿ 41 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಕ್ಯಾಲಿಫೋರ್ನಿಯಾ ಗರ್ಭಿಣಿಯರಿಗೆ ಕಾಲುಬೇಡಿ, ಸೊಂಟದ ಸರಪಳಿ, ಬೆನ್ನ ಹಿಂದಿನ ಕೈಕೋಳ ಮೂರನ್ನೂ ನಿಷೇಧಿಸಿದೆ. ಬಿದ್ದರೆ ಹೊಟ್ಟೆಯನ್ನು ಕಾಪಾಡಿಕೊಳ್ಳಲು ಕೈ ಮುಂದಿರಬೇಕು. 2018ರ ಫೆಡರಲ್ ಕಾಯಿದೆಯ ನಿರ್ಬಂಧ ಫೆಡರಲ್ ವಶದಲ್ಲಿರುವವರಿಗೆ ಮಾತ್ರ. ಕೌಂಟಿ ಜೈಲಿನ ಉಳಿದ ಬಂದಿಗಳನ್ನು ರಾಜ್ಯದ ಕಾನೂನೇ ಕಾಯಬೇಕು.

ಮೇಲ್ವಿಚಾರಣೆ ಮತ್ತು ಅಂಕಿಅಂಶ

1980ರ ಕಾಯಿದೆಯೊಂದು, ಹಕ್ಕುಗಳ ಉಲ್ಲಂಘನೆ ರೂಢಿಯೇ ಆಗಿಹೋದ ಜೈಲುಗಳನ್ನು ತನಿಖೆ ಮಾಡಿ ನ್ಯಾಯಾಲಯಕ್ಕೆಳೆಯುವ ಅಧಿಕಾರವನ್ನು ಫೆಡರಲ್ ನ್ಯಾಯ ಇಲಾಖೆಗೆ ಕೊಟ್ಟಿದೆ. ಕುಕ್ ಕೌಂಟಿ 2010ರಲ್ಲಿ ಹೀಗೊಂದು ಒಪ್ಪಂದಕ್ಕೆ ಬಂದು, ಏಳು ವರ್ಷಗಳ ಉಸ್ತುವಾರಿಯ ನಂತರ ಅದರಿಂದ ಬಿಡುಗಡೆ ಪಡೆಯಿತು. ಬಂದಿಗಳೇ ಹೂಡುವ ದಾವೆಗಳಿಗೆ ಮಾತ್ರ 1996ರ ಕಾಯಿದೆ ಕಡಿವಾಣ ಹಾಕಿದೆ: ಮೊದಲು ಜೈಲಿನೊಳಗಿನ ದೂರು ವ್ಯವಸ್ಥೆಯ ಎಲ್ಲ ಮೆಟ್ಟಿಲು ಹತ್ತಿರಬೇಕು, ದೈಹಿಕ ಗಾಯವಿಲ್ಲದ ಮಾನಸಿಕ ಯಾತನೆಗೆ ಪರಿಹಾರವಿಲ್ಲ. ತಿಂಗಳೊಳಗೆ ಬಿಡುಗಡೆಯಾಗುವ ವಿಚಾರಣಾಧೀನನಿಗೆ ಒಳಗಿರುವಾಗಲೇ ಆ ಮೆಟ್ಟಿಲುಗಳನ್ನು ಮುಗಿಸುವುದು ಕಷ್ಟ. ದೊಡ್ಡ ಪರಿಹಾರಗಳಲ್ಲಿ ಹಲವು ಸತ್ತವರ ಕುಟುಂಬಗಳ ದಾವೆಗಳಿಂದ ಬಂದಿವೆ.

ವಶದಲ್ಲಿನ ಸಾವುಗಳನ್ನು ವರದಿ ಮಾಡಬೇಕೆಂಬ ಫೆಡರಲ್ ಕಾಯಿದೆ 2000ದಲ್ಲಿ ಬಂದು, 2014ರ ಕೊನೆಯಲ್ಲಿ ಹೊಸ ರೂಪ ಪಡೆಯಿತು. 2019ರವರೆಗೆ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ ಜೈಲುಗಳಿಂದ ನೇರವಾಗಿ ಮಾಹಿತಿ ಪಡೆಯುತ್ತಿತ್ತು. ಆ ಕೆಲಸ ರಾಜ್ಯಗಳ ಮೂಲಕ ಇನ್ನೊಂದು ವಿಭಾಗಕ್ಕೆ ಹೋದ ಮೇಲೆ ಲೆಕ್ಕ ಹದಗೆಟ್ಟಿತು. 2021ರ ಒಂದೇ ಹಣಕಾಸು ವರ್ಷದಲ್ಲಿ ಕಾರಾಗೃಹಗಳಲ್ಲೂ ಬಂಧನದ ವೇಳೆಯಲ್ಲೂ ಸಂಭವಿಸಿದ ಸುಮಾರು 990 ಸಾವುಗಳು ಎಣಿಕೆಗೆ ಬಂದಿಲ್ಲವೆಂದು 2022ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಬಂದ ಪರಿಶೀಲನೆ ತೋರಿಸಿತು. ಸಾವಿನವರೆಗೆ ಹೋಗದ ನಿರ್ಬಂಧಕ ಬಳಕೆ, ಅಂದರೆ ಯಾವ ಜೈಲಿನಲ್ಲಿ ಎಷ್ಟು ಮಂದಿಯನ್ನು ಎಷ್ಟು ಗಂಟೆ ಕಟ್ಟಲಾಯಿತೆಂಬ ವಿವರ, ಆಯಾ ಜೈಲಿನ ದಾಖಲೆ ಪುಸ್ತಕದಲ್ಲೇ ಉಳಿಯುತ್ತದೆ. ದೇಶದ ಮಟ್ಟದಲ್ಲಿ ಅದನ್ನು ಒಟ್ಟುಗೂಡಿಸುವ ಏರ್ಪಾಡಿಲ್ಲ.